ಮನೆಗೆ ಎಷ್ಟು ವೇಗದ ಇಂಟರ್ನೆಟ್ ಸಾಕು?

ಪಂಪು ತರಲು ಹೊರಟ ಕೃಷಿಕ ಅಂಗಡಿಗೆ ಹೋಗಿ ‘ನಿಮ್ಮಲ್ಲಿರುವ ಎಲ್ಲಕ್ಕಿಂತ ದೊಡ್ಡ ಪಂಪು ಕೊಡಿ’ ಎಂದು ಕೇಳುವುದಿಲ್ಲ. ಬಾವಿ ಎಷ್ಟು ಆಳ, ನೀರು ಎಷ್ಟು ಎತ್ತರಕ್ಕೆ ಏರಬೇಕು, ಒಂದು ಸರ್ತಿಗೆ ಎಷ್ಟು ಜೆಟ್ ತಿರುಗಬೇಕು - ಇಷ್ಟು ಲೆಕ್ಕ ಹಾಕಿದ ಮೇಲೆಯೇ ಮೂರು ಎಚ್‌ಪಿಯೋ, ಐದೋ ಎಂದು ತೀರ್ಮಾನ. ಆದರೆ ಮನೆಗೆ ಇಂಟರ್ನೆಟ್ ಹಾಕಿಸುವಾಗ ನಮ್ಮಲ್ಲಿ ಹೆಚ್ಚಿನವರು ಈ ದಾರಿ ಹಿಡಿಯುವುದಿಲ್ಲ. ಮಾರುವವರು ‘ಎಷ್ಟು ಜನ ಇದ್ದೀರಿ?’ ಎಂದು ಕೇಳ್ತಾರೆ. ‘ಐದು ಜನ’ ಎಂದರೆ ‘ಹಾಗಾದರೆ ನೂರು ಎಂಬಿಪಿಎಸ್ ಇರಲಿ’ ಎನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಅಲ್ಲಿಗೆ ತಿಂಗಳು ತಿಂಗಳು ಕಟ್ಟುವ ಒಂದು ಖರ್ಚು ಖಾಯಂ ಆಯಿತು.

ನಮ್ಮದು ಅಡಿಕೆ, ಒಂದಿಷ್ಟು ಕಾಳುಮೆಣಸು ಇರುವ ಸಣ್ಣ ಹಿಡುವಳಿ. ಮನೆಯಲ್ಲಿ ಐವರು - ನಾವಿಬ್ಬರು, ಅಮ್ಮ, ಮಗ, ಸೊಸೆ. ಮಗ ತೋಟ ನೋಡಿಕೊಳ್ಳುತ್ತಾನೆ. ಸೊಸೆಯದು ಬೆಂಗಳೂರಿನ ಕಂಪೆನಿಯ ಕೆಲಸ, ಮನೆಯಿಂದಲೇ ಮಾಡುವಂಥದ್ದು. ಇಂಟರ್ನೆಟ್ ಸರಿ ಇದ್ದರೆ ಅವರಿಬ್ಬರೂ ಇಲ್ಲಿ, ಇಲ್ಲದಿದ್ದರೆ ಬಾಡಿಗೆ ಮನೆ ಹುಡುಕಿ ಬೆಂಗಳೂರಲ್ಲಿ. ಆದ್ದರಿಂದ ಈ ವಿಷಯ ನಮ್ಮ ಮನೆಯಲ್ಲಿ ಮನರಂಜನೆಯ ಪ್ರಶ್ನೆ ಆಗಿರಲಿಲ್ಲ. ಮೂವರು ಕುಳಿತು ಕಾಗದದಲ್ಲಿ ಲೆಕ್ಕ ಹಾಕಿದೆವು, ಮನೆಯೊಳಗೆ ಅಳತೆ ಮಾಡಿದೆವು. ಆ ಲೆಕ್ಕದ ಕ್ರಮ ಬೇರೆಯವರಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಇದಕ್ಕೆ ಕಂಪ್ಯೂಟರ್ ಓದಿರಬೇಕೆಂದಿಲ್ಲ. ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ಎಂಬಿಪಿಎಸ್ ಎಂದರೆ

ಎಂಬಿಪಿಎಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಹರಿಯುತ್ತದೆ ಎನ್ನುವ ಅಳತೆ. ಪೈಪಿನಲ್ಲಿ ನಿಮಿಷಕ್ಕೆ ಇಷ್ಟು ಲೀಟರ್ ಎಂದ ಹಾಗೆ. ಇಲ್ಲೊಂದು ಗೊಂದಲ ಉಂಟು. ಫೋನಿನಲ್ಲಿ ಫೋಟೋ, ಸಿನಿಮಾದ ಗಾತ್ರ ತೋರಿಸುವುದು ಮೆಗಾಬೈಟಿನಲ್ಲಿ, ಅಂದರೆ ನಾವು ಎಂಬಿ ಎನ್ನುವುದರಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಪ್ಲಾನಿನ ಅಂಕಿಯನ್ನು ಎಂಟರಿಂದ ಭಾಗಿಸಬೇಕು. 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು 40 ಎಂಬಿ ಅಲ್ಲ, 5 ಎಂಬಿ.

ಒಂದು ಜಿಬಿಯ ಸಿನಿಮಾ ಇಳಿಸಲು ಎಷ್ಟು ಹೊತ್ತು ಬೇಕು ನೋಡುವ:

10 ಎಂಬಿಪಿಎಸ್ - ಸುಮಾರು 13 ನಿಮಿಷ
30 ಎಂಬಿಪಿಎಸ್ - ಸುಮಾರು ನಾಲ್ಕೂವರೆ ನಿಮಿಷ
40 ಎಂಬಿಪಿಎಸ್ - ಮೂರು ನಿಮಿಷ 20 ಸೆಕೆಂಡ್
100 ಎಂಬಿಪಿಎಸ್ - ಒಂದು ನಿಮಿಷ 20 ಸೆಕೆಂಡ್

ನಾಲ್ಕೂವರೆ ನಿಮಿಷದ ಬದಲು ಒಂದೂಕಾಲು ನಿಮಿಷದಲ್ಲಿ ಇಳಿದರೆ ಸಂತೋಷವೇ. ಆದರೆ ತಿಂಗಳಲ್ಲಿ ಎಷ್ಟು ಸಿನಿಮಾ ಇಳಿಸುತ್ತೀರಿ? ಈಗ ಹೆಚ್ಚಿನವರು ಇಳಿಸಿಟ್ಟುಕೊಳ್ಳುವುದೇ ಇಲ್ಲ, ಹರಿಯುತ್ತಿರುವಂತೆಯೇ ನೋಡುತ್ತಾರೆ. ಹಾಗೆ ನೋಡುವಾಗ ಬೇಕಾದ ವೇಗ ಇದ್ದರೆ ಆಯಿತು. ಅದಕ್ಕಿಂತ ಮೇಲಿನದ್ದು ಬಾವಿಯಲ್ಲೇ ಉಳಿಯುವ ನೀರಿನ ಹಾಗೆ, ತೋಟಕ್ಕೆ ಪ್ರಯೋಜನ ಇಲ್ಲ.

ಕಾಲ ಹೇಗೆ ಬದಲಾಯಿತು ಎಂಬುದಕ್ಕೆ ಒಂದು ಮಾತು. 2004ರ ಕೇಂದ್ರ ಸರಕಾರದ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ‘ಬ್ರಾಡ್‌ಬ್ಯಾಂಡ್’. 2013ರಲ್ಲಿ ಅದನ್ನು 512 ಕಿಲೋಬಿಟ್‌ಗೆ ಏರಿಸಿದರು. 2023ರ ಜನವರಿಯಲ್ಲಿ 2 ಮೆಗಾಬಿಟ್ ಮಾಡಿದರು. ಅಂದರೆ ಕಾನೂನಿನ ಲೆಕ್ಕದಲ್ಲಿ 2 ಎಂಬಿಪಿಎಸ್ ಕೂಡ ಬ್ರಾಡ್‌ಬ್ಯಾಂಡೇ! ಜಾಹೀರಾತಿನಲ್ಲಿ ಆ ಪದ ಒಂದನ್ನೇ ನೋಡಿ ಮರುಳಾಗುವಂತಿಲ್ಲ.

ಯಾವ ಕೆಲಸಕ್ಕೆ ಎಷ್ಟು?

ವಿಡಿಯೋ ಒದಗಿಸುವ ಕಂಪೆನಿಗಳೇ ತಮ್ಮ ಸೇವೆಗೆ ಎಷ್ಟು ವೇಗ ಬೇಕೆಂದು ಹೇಳಿವೆ. ಅದನ್ನು ಸುಲಭ ಅಂಕಿಗೆ ತಂದರೆ ಹೀಗೆ:

• ಪಹಣಿ ತೆಗೆಯುವುದು, ಅಡಿಕೆ ಧಾರಣೆ ನೋಡುವುದು, ಬ್ಯಾಂಕಿನ ವ್ಯವಹಾರ, ವಾಟ್ಸಪ್ ಸಂದೇಶ - 1 ಎಂಬಿಪಿಎಸ್ ಧಾರಾಳ.
• ಇಬ್ಬರೊಳಗಿನ ವಿಡಿಯೋ ಕರೆ - ಒಂದರಿಂದ ಒಂದೂವರೆ.
• ಹತ್ತಾರು ಜನರ ಮೀಟಿಂಗ್ - ಎರಡೂವರೆಯಿಂದ ಮೂರು.
• ಫೋನಿನಲ್ಲಿ ಯೂಟ್ಯೂಬ್ - ಸಾಧಾರಣ ಚಿತ್ರಕ್ಕೆ ಒಂದು, ಸ್ಪಷ್ಟ ಚಿತ್ರಕ್ಕೆ ಎರಡೂವರೆ.
• ದೊಡ್ಡ ಟಿವಿಯಲ್ಲಿ ಫುಲ್ ಎಚ್‌ಡಿ ಚಿತ್ರ - 5.
• ‘4ಕೆ’ ಟಿವಿಯಲ್ಲಿ 4ಕೆ ಚಿತ್ರ - 15ರಿಂದ 20.

ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು ಕೊನೆಯ ಸಾಲು. ಅದನ್ನು ಬಿಟ್ಟರೆ ಮನೆಬಳಕೆಯ ಯಾವ ಕೆಲಸಕ್ಕೂ ಐದಕ್ಕಿಂತ ಹೆಚ್ಚು ಬೇಡ. ನಿಮ್ಮಲ್ಲಿ 4ಕೆ ಟಿವಿ ಇದ್ದರೂ ನೋಡುವ ಕಾರ್ಯಕ್ರಮ, ಕಟ್ಟಿದ ಚಂದಾ 4ಕೆಯದ್ದು ಅಲ್ಲದಿದ್ದರೆ ಅಷ್ಟು ವೇಗ ಬಳಕೆಯಾಗುವುದಿಲ್ಲ.

ಒಟ್ಟಿಗೆ ಎಷ್ಟು ಜೆಟ್ ತಿರುಗುತ್ತದೆ?

ತೋಟದಲ್ಲಿ ಎಂಬತ್ತು ಜೆಟ್ ಇರಬಹುದು. ಒಂದು ಸರ್ತಿಗೆ ತಿರುಗುವುದು ಹತ್ತೋ ಹನ್ನೆರಡೋ. ಪಂಪು ಆಯುವುದು ಆ ಹನ್ನೆರಡರ ಲೆಕ್ಕದಲ್ಲಿ, ಎಂಬತ್ತರದ್ದಲ್ಲ. ಇಲ್ಲಿಯೂ ಅದೇ. ಮನೆಯಲ್ಲಿ ಎಷ್ಟು ಜನ, ಎಷ್ಟು ಫೋನು ಎನ್ನುವುದು ಮುಖ್ಯ ಅಲ್ಲ. ಅತಿ ಹೆಚ್ಚು ಬಳಕೆ ಇರುವ ಹೊತ್ತಿನಲ್ಲಿ ಒಟ್ಟಿಗೆ ಏನೇನು ನಡೆಯುತ್ತದೆ ಎನ್ನುವುದೇ ಲೆಕ್ಕ. ಕಿಸೆಯಲ್ಲಿ ಸುಮ್ಮನೆ ಕುಳಿತ ಫೋನು ಮುಚ್ಚಿದ ಗೇಟ್ ವಾಲ್ವ್ ಇದ್ದ ಹಾಗೆ, ಒಂದಿಷ್ಟು ಒಸರುತ್ತದೆ ಅಷ್ಟೆ.

ನಮ್ಮಲ್ಲಿ ಅತಿ ಹೆಚ್ಚು ಬಳಕೆ ರಾತ್ರಿ ಏಳೂವರೆಯಿಂದ ಒಂಬತ್ತು. ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟೆವು. ಎಲ್ಲವೂ ಒಂದೇ ಹೊತ್ತಿಗೆ ಬಂದ ದಿನದ ಲೆಕ್ಕ:

ಟಿವಿ - 5
ಸೊಸೆಯ ಮೀಟಿಂಗ್ - 3
ಅಮ್ಮ ದೂರದ ಮಗಳ ಜತೆ ವಿಡಿಯೋ ಕರೆ - 1.5
ಮಗನ ಫೋನಿನಲ್ಲಿ ವಿಡಿಯೋ - 2.5
ಉಳಿದ ಫೋನು, ಸಂದೇಶ, ಧಾರಣೆ ಇತ್ಯಾದಿ - 1
ಒಟ್ಟು - 13 ಎಂಬಿಪಿಎಸ್

ಇಷ್ಟಕ್ಕೆ ಸರಿಯಾಗಿ 13 ತಂದರೆ ಸಾಲದು. ಲ್ಯಾಪ್‌ಟಾಪು, ಫೋನುಗಳು ನಮ್ಮನ್ನು ಕೇಳದೆಯೇ ಹೊಸ ಆವೃತ್ತಿ ಇಳಿಸಿಕೊಳ್ಳುತ್ತವೆ. ಈ ಕೆಲಸಕ್ಕೆ ಇಷ್ಟೇ ಎಂಬ ಮಿತಿ ಇಲ್ಲ, ಕೊಟ್ಟಷ್ಟನ್ನೂ ಕುಡಿಯುತ್ತದೆ. ವೈಫೈಯಲ್ಲಿ ಒಂದಿಷ್ಟು ಸೋರಿ ಹೋಗುತ್ತದೆ. ನೆಂಟರು ಬಂದರೆ ಅವರ ಮಕ್ಕಳು ಮೊದಲು ಕೇಳುವುದೇ ಪಾಸ್‌ವರ್ಡ್! ಹಾಗಾಗಿ ಬಂದ ಮೊತ್ತವನ್ನು ಇಮ್ಮಡಿ ಮಾಡಿ. ನಮ್ಮದು 26 ಆಯಿತು. ಫೈಬರಿನಲ್ಲಿ ಮಾರುವ ಸಣ್ಣ ಪ್ಲಾನುಗಳು ಸಾಮಾನ್ಯವಾಗಿ 30-40 ಎಂಬಿಪಿಎಸ್‌ನ ಆಸುಪಾಸಿನವು. ನಾವು 40ರದ್ದು ಆಯ್ದುಕೊಂಡೆವು.

ಈ ಲೆಕ್ಕದಿಂದ ಒಂದು ಅಂದಾಜು ಕಟ್ಟಬಹುದು. ಇಬ್ಬರೇ ಹಿರಿಯರಿರುವ ಮನೆಗೆ ಸಿಗುವ ಅತಿ ಸಣ್ಣ ಫೈಬರ್ ಪ್ಲಾನೇ ಹೆಚ್ಚು. ನಾಲ್ಕೈದು ಜನ, ಒಂದು ಟಿವಿ, ಒಬ್ಬರ ಆಫೀಸು ಕೆಲಸ - 30-40 ಸಾಕು. ಇಬ್ಬರು ಮನೆಯಿಂದ ಆಫೀಸು ಕೆಲಸ ಮಾಡುವವರು, ಮೇಲಿಂದ 4ಕೆ ಟಿವಿ, ಎರಡು ಮಕ್ಕಳ ಪಾಠ ಎಂದಾದರೆ 60ರಿಂದ 100ಕ್ಕೆ ಹೋಗಬಹುದು. ನೂರಕ್ಕಿಂತ ಮೇಲೆ ಬೇಕಾಗುವ ಸಣ್ಣ ಕುಟುಂಬ ಅಪರೂಪ.

ಮೇಲೆ ಕಳಿಸುವ ವೇಗ ಕೇಳಿ

ಪ್ಲಾನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದದ್ದು ನಮ್ಮ ಕಡೆಗೆ ಇಳಿದು ಬರುವ ವೇಗ. ನಮ್ಮಲ್ಲಿಂದ ಮೇಲೆ ಹೋಗುವ ವೇಗ ಬೇರೆಯೇ ಇದೆ. ಇದಕ್ಕೆ ಅಪ್‌ಲೋಡ್ ಎನ್ನುತ್ತಾರೆ. ಹಲವು ಫೈಬರ್ ಪ್ಲಾನುಗಳಲ್ಲಿ ಎರಡೂ ಸಮ ಇರುತ್ತವೆ. ಮೊಬೈಲ್ ಸಿಗ್ನಲ್‌ನಿಂದ ಕೊಡುವ ಸಂಪರ್ಕದಲ್ಲಿ ಸಾಮಾನ್ಯವಾಗಿ ಮೇಲೆ ಹೋಗುವುದು ಕಡಿಮೆ.

ನೋಡುವುದಕ್ಕಷ್ಟೇ ಬಳಸುವವರಿಗೆ ಇದರ ಚಿಂತೆ ಬೇಡ. ಆದರೆ ವಿಡಿಯೋ ಮೀಟಿಂಗಿನಲ್ಲಿ ನಮ್ಮ ಮುಖ, ನಮ್ಮ ಮಾತು ಆಚೆಯವರಿಗೆ ತಲುಪಬೇಕಾದರೆ ಇದು ಬೇಕು. ಅಡಿಕೆ ಮರದ ಎಲೆಚುಕ್ಕಿ ರೋಗದ ವಿಡಿಯೋ ತೆಗೆದು ತಜ್ಞರಿಗೆ ಕಳಿಸುತ್ತೀರಿ ಎಂದಿಟ್ಟುಕೊಳ್ಳಿ. ಗಾತ್ರ 200 ಎಂಬಿ. ಮೇಲೆ ಹೋಗುವ ವೇಗ 2 ಎಂಬಿಪಿಎಸ್ ಆದರೆ ಹದಿಮೂರು ನಿಮಿಷ. 30 ಆದರೆ ಒಂದು ನಿಮಿಷವೂ ಬೇಡ.

ಅಂಗಳಕ್ಕೆ, ಅಡಿಕೆ ಒಣಗುವಲ್ಲಿಗೆ ಕ್ಯಾಮರಾ ಹಾಕಿದವರೂ ಇದನ್ನು ನೋಡಬೇಕು. ಸ್ಪಷ್ಟ ಚಿತ್ರದ ಒಂದು ಕ್ಯಾಮರಾವನ್ನು ಹೊರಗಿನಿಂದ ಫೋನಿನಲ್ಲಿ ನೋಡುವಾಗ 2ರಿಂದ 4 ಎಂಬಿಪಿಎಸ್ ಮನೆಯಿಂದ ಹೊರಗೆ ಹರಿಯುತ್ತದೆ. ಕ್ಯಾಮರಾದ ಒಳಗಿನ ಎಸ್‌ಡಿ ಕಾರ್ಡಿನಲ್ಲೇ ದಾಖಲಾಗುವಂತೆ ಮಾಡಿದರೆ ನಾವು ನೋಡುವಾಗ ಮಾತ್ರ ಈ ಹರಿವು. ದಿನವಿಡೀ ಕಂಪೆನಿಯ ಕಂಪ್ಯೂಟರಿಗೆ ಕಳಿಸುವ ಕ್ರಮ ಇದ್ದರೆ ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ.

ತಿಂಗಳ ಕೋಟಾ

ವೇಗ ಒಂದಾದರೆ ಒಟ್ಟು ಎಷ್ಟು ಬಳಸಬಹುದು ಎನ್ನುವುದು ಇನ್ನೊಂದು. ಪಂಪು ಎಷ್ಟು ದೊಡ್ಡದಾದರೂ ಬಾವಿಯಲ್ಲಿ ನೀರು ಇರುವಷ್ಟೇ ತಾನೇ? ಪ್ರತಿ ಪ್ಲಾನಿಗೂ ತಿಂಗಳಿಗೆ ಇಷ್ಟು ಜಿಬಿ ಎಂಬ ಮಿತಿ ಇರುವುದುಂಟು. ಅದು ದಾಟಿದರೆ ಸಂಪರ್ಕ ಕಡಿಯುವುದಿಲ್ಲ, ವೇಗ ಎರಡಕ್ಕೋ ನಾಲ್ಕಕ್ಕೋ ಇಳಿಯುತ್ತದೆ. ‘ಅನ್‌ಲಿಮಿಟೆಡ್’ ಎಂದು ಬರೆದಲ್ಲಿಯೂ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಇರಬಹುದು, ಕನ್ನಡಕ ಹಾಕಿ ಓದಿ.

ಲೆಕ್ಕ ಸುಲಭ. ಟಿವಿಯಲ್ಲಿ 5 ಎಂಬಿಪಿಎಸ್ ಹರಿದರೆ ಗಂಟೆಗೆ ಎರಡೂಕಾಲು ಜಿಬಿ. ದಿನಕ್ಕೆ ನಾಲ್ಕು ಗಂಟೆಯಾದರೆ 9 ಜಿಬಿ, ತಿಂಗಳಿಗೆ 270. ಮೀಟಿಂಗು, ಫೋನು ಎಲ್ಲ ಸೇರಿ ಇನ್ನೊಂದು 200 ಇಟ್ಟುಕೊಳ್ಳಿ. ಐನೂರು ಜಿಬಿಯ ಒಳಗೆ ಐದು ಜನರ ಮನೆ ಸುಧಾರಿಸುತ್ತದೆ. ಮೂರು ಸಾವಿರ ಜಿಬಿಗಿಂತ ಮೇಲಿನ ಮಿತಿ ಇರುವ ಪ್ಲಾನಿಗೆ ‘ಇನ್ನಷ್ಟು ಡೇಟಾ’ ಎಂದು ಹೆಚ್ಚು ಕೊಡಬೇಕಾಗಿಲ್ಲ.

ಮೊಬೈಲ್ ನೆಟ್ಟೇ ಸಾಲದೇ?

ಕೆಲವರಿಗೆ ಖಂಡಿತ ಸಾಕು. ದಿನಕ್ಕೆ 2 ಜಿಬಿ ಸಿಗುವ ಫೋನಿನ ಪ್ಯಾಕಿನಲ್ಲಿ ಸಾಧಾರಣ ಚಿತ್ರದ ವಿಡಿಯೋ ನಾಲ್ಕು ಗಂಟೆ ನೋಡಬಹುದು. ಫುಲ್ ಎಚ್‌ಡಿ ಆದರೆ 53 ನಿಮಿಷಕ್ಕೆ ಖಾಲಿ. ಆದ್ದರಿಂದ ಟಿವಿಗೆ ಇಂಟರ್ನೆಟ್ ಬೇಡ, ಆಫೀಸು ಕೆಲಸ ಇಲ್ಲ, ಅಂಗಳದಲ್ಲಿ ಸಿಗ್ನಲ್ ಚೆನ್ನಾಗಿ ಉಂಟು ಎಂಬ ಮನೆಯವರು ಬೇರೆ ಸಂಪರ್ಕವೇ ಹಾಕಿಸಬೇಕಾಗಿಲ್ಲ. ಪಕ್ಕದ ಮನೆಯವರು ಹಾಕಿಸಿದರು ಎಂಬುದು ಕಾರಣ ಆಗಲಾರದು.

ಫೈಬರ್ ಎಳೆಯಲಾಗದ ಗುಡ್ಡೆಯ ಮನೆಗಳಿಗೆ 5ಜಿ ಸಿಗ್ನಲ್‌ನಿಂದ ಕೊಡುವ ‘ಏರ್‌ಫೈಬರ್’ ಬಂದಿದೆ. ಮಾಡಿನ ಮೇಲೆ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಇದರಲ್ಲಿ ಎಷ್ಟು ಸಿಗುತ್ತದೆ ಎನ್ನುವುದು ಟವರ್ ಎಲ್ಲಿದೆ, ನಡುವೆ ಎಷ್ಟು ಮರ, ಗುಡ್ಡ ಉಂಟು, ಅದೇ ಟವರಿನಲ್ಲಿ ಎಷ್ಟು ಜನ ನೇತಾಡುತ್ತಾರೆ ಎನ್ನುವುದರ ಮೇಲೆ. ಹಣ ಕಟ್ಟುವ ಮೊದಲು ಅದೇ ಕಂಪೆನಿಯ ಸಿಮ್ ಇರುವ 5ಜಿ ಫೋನು ಹಿಡಿದು, ಪೆಟ್ಟಿಗೆ ಕೂರಿಸುವ ಜಾಗದ ಹತ್ತಿರ ನಿಂತು ರಾತ್ರಿ ಎಂಟು ಗಂಟೆಗೆ ವೇಗ ಅಳೆಯಿರಿ. ಬೆಳಗ್ಗಿನ ಹತ್ತು ಗಂಟೆಯ ಅಳತೆಯನ್ನು ನಂಬಬೇಡಿ.

ತುದಿಯ ಜೆಟ್ ತಿರುಗದಿದ್ದರೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತುದಿಯ ಜೆಟ್ ತಿರುಗದಿದ್ದರೆ ನಾವು ಕೂಡಲೇ ಪಂಪು ಬದಲಿಸುವುದಿಲ್ಲ. ಪೈಪು ಎಲ್ಲಿ ಕಟ್ಟಿದೆ, ಎಲ್ಲಿ ಸಣ್ಣದಾಗಿದೆ ಎಂದು ನೋಡುತ್ತೇವೆ. ಇಂಟರ್ನೆಟ್ಟಿನಲ್ಲಿ ಈ ತುದಿಯ ಪೈಪೇ ವೈಫೈ. ‘ನೆಟ್ ಸ್ಲೋ’ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಯವು.

ನಮ್ಮದು ಮುರಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ. ಸಂಪರ್ಕ ಕೊಡಲು ಬಂದವರು ಕೇಬಲ್ ಒಳಗೆ ಬಂದ ಕಿಟಕಿಯ ಪಕ್ಕದಲ್ಲೇ ರೂಟರ್ ಕೂರಿಸಿ ಹೋದರು. ಮರುದಿನವೇ ಫೋನು ಹಿಡಿದು ಕೋಣೆ ಕೋಣೆಗೆ ಹೋಗಿ ಅಳೆದೆವು. ರೂಟರ್ ಎದುರು 38. ಚಾವಡಿಯಲ್ಲಿ 31. ಅಡುಗೆಮನೆಯಲ್ಲಿ 17. ಸೊಸೆ ಕೆಲಸ ಮಾಡುವ ಮಾಳಿಗೆಯ ಕೋಣೆಯಲ್ಲಿ 6, ಅದೂ ಏರಿಳಿತ. ಹಟ್ಟಿಯ ಹತ್ತಿರ ಒಂದೂ ಇಲ್ಲ. ಕಂಪೆನಿ ಹೇಳಿದ 40ರಲ್ಲಿ 38 ಮನೆಗೆ ಬರುತ್ತಿತ್ತು. ಬೇಕಾದಲ್ಲಿಗೆ ಮಾತ್ರ ತಲುಪುತ್ತಿರಲಿಲ್ಲ. 100ರ ಪ್ಲಾನ್ ಹಾಕಿದ್ದರೂ ಆ ಮಾಳಿಗೆಯಲ್ಲಿ ಆರು ಆರೇ.

ಎರಡು ಕೆಲಸ ಮಾಡಿದೆವು. ಒಂದು, ರೂಟರನ್ನು ಕಿಟಕಿಯಿಂದ ತೆಗೆಸಿ ಮನೆಯ ನಡುವಿಗೆ, ಎದೆಯೆತ್ತರಕ್ಕೆ ತಂದದ್ದು. ಕಬ್ಬಿಣದ ಕಪಾಟು, ಫ್ರಿಜ್‌ನ ಮರೆ ಆಗಬಾರದು. ಎರಡು, ಅಲ್ಲಿಂದ ಮಾಳಿಗೆಗೆ ಒಂದು ಲ್ಯಾನ್ ಕೇಬಲ್ ಎಳೆದು ಸೊಸೆಯ ಲ್ಯಾಪ್‌ಟಾಪಿಗೇ ಚುಚ್ಚಿದ್ದು. ಮಾಳಿಗೆಯಲ್ಲೀಗ 37 ಸಿಗುತ್ತದೆ. ತಿಂಗಳ ಬಿಲ್ ಒಂದು ರೂಪಾಯಿ ಹೆಚ್ಚಾಗಲಿಲ್ಲ.

ವೈಫೈ ಬಗ್ಗೆ ತಿಳಿದಿರಬೇಕಾದ ಎರಡು ಮಾತು. ಹೆಚ್ಚಿನ ಹೊಸ ರೂಟರುಗಳಲ್ಲಿ ಎರಡು ಬಗೆ ಇರುತ್ತದೆ - 2.4 ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. ಎರಡನೆಯದು ವೇಗ ಹೆಚ್ಚು, ದಪ್ಪ ಗೋಡೆ ಸಿಕ್ಕಿದರೆ ಸೋಲುತ್ತದೆ. ರೂಟರ್ ಇರುವ ಕೋಣೆಯ ಟಿವಿಗೆ 5, ದೂರದ ಕೋಣೆಯ ಫೋನಿಗೆ 2.4 ಒಳ್ಳೆಯದು. ಇನ್ನೊಂದು, ಕೆಲವು ಅಗ್ಗದ ಮತ್ತು ಹಳೆಯ ರೂಟರುಗಳ ಕೇಬಲ್ ಚುಚ್ಚುವ ಬಾಯಿ 100 ಎಂಬಿಪಿಎಸ್‌ಗಿಂತ ಹೆಚ್ಚು ಬಿಡುವುದಿಲ್ಲ. ಅಂಥದ್ದನ್ನಿಟ್ಟು 200ರ ಪ್ಲಾನಿಗೆ ಹಣ ಕಟ್ಟುವುದೆಂದರೆ ಎರಡಿಂಚಿನ ನೀರನ್ನು ಅರ್ಧ ಇಂಚಿನ ಪೈಪಿಗೆ ಬಿಟ್ಟ ಹಾಗೆ.

ಕರೆಂಟು ಮತ್ತು ಸಿಡಿಲು

ಹಳ್ಳಿಯಲ್ಲಿ ಇಂಟರ್ನೆಟ್ ನಿಲ್ಲುವುದು ವೇಗ ಸಾಲದೆ ಅಲ್ಲ, ಕರೆಂಟು ಹೋಗಿ. ಫೈಬರಿನ ರೂಟರ್ ಹೆಚ್ಚೆಂದರೆ ಹತ್ತು ಹನ್ನೆರಡು ವಾಟ್ ಬಳಸುತ್ತದೆ. ಹತ್ತು ವಾಟ್ ಎಂದಾದರೆ ದಿನವಿಡೀ ಉರಿದರೂ ತಿಂಗಳಿಗೆ ಸುಮಾರು ಏಳು ಯೂನಿಟ್ ಅಷ್ಟೆ. ಇನ್ವರ್ಟರ್ ಇದ್ದರೆ ಅದಕ್ಕೆ ಕೊಡಿ. ಇಲ್ಲದಿದ್ದರೆ ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಅದರ ಮೇಲೆ ಬರೆದ ವಾಟ್-ಅವರ್ ಅಂಕಿಯನ್ನು ರೂಟರಿನ ವಾಟ್‌ನಿಂದ ಭಾಗಿಸಿ. 30 ವಾಟ್-ಅವರ್ ಬ್ಯಾಟರಿ, 10 ವಾಟ್ ರೂಟರ್ ಆದರೆ ಮೂರು ಗಂಟೆ. ನಷ್ಟ ಕಳೆದು ಎರಡೂವರೆ ಎಂದಿಟ್ಟುಕೊಳ್ಳಿ. ರೂಟರಿನ ಅಡಾಪ್ಟರಿನಲ್ಲಿ ಬರೆದ ವೋಲ್ಟೇಜಿಗೆ ಯುಪಿಎಸ್‌ನದ್ದು ಹೊಂದಲೇಬೇಕು.

ನಮ್ಮಲ್ಲಿ ಬ್ಯಾಟರಿ ಇದ್ದರೆ ಮಾತ್ರ ಸಾಲದು, ಆಚೆ ತುದಿಯಲ್ಲಿ ಕಂಪೆನಿಯವರ ಯಂತ್ರಕ್ಕೂ ಬೇಕು. ಕರೆಂಟು ಹೋದಾಗ ನೆಟ್ ಇರುತ್ತದಾ ಎಂದು ಅದೇ ಸಂಪರ್ಕ ಇರುವ ನೆರೆಯವರಲ್ಲಿ ವಿಚಾರಿಸಿ. ಕೇಳುವ ಪ್ರಶ್ನೆಗಳಲ್ಲಿ ಇದು ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಕರಾವಳಿ, ಮಲೆನಾಡಿನಲ್ಲಿ ಏಪ್ರಿಲ್-ಮೇ ತಿಂಗಳು ಮತ್ತು ಮಳೆಗಾಲ ಕಳೆದ ಮೇಲಿನ ತುಲಾ ಮಾಸದ ಸಿಡಿಲು ಎಲ್ಲರಿಗೂ ಗೊತ್ತು. ಫೈಬರಿನ ಒಳಗಿನದ್ದು ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಳೆಯ ತಾಮ್ರದ ದೂರವಾಣಿ ತಂತಿಗಿಂತ ಈ ವಿಷಯದಲ್ಲಿ ಇದು ಎಷ್ಟೋ ವಾಸಿ. ಆದರೆ ಕೆಲವು ಕೇಬಲ್‌ಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ರೂಟರಿಗೆ ಕರೆಂಟಿನ ತಂತಿ ಇದ್ದೇ ಇದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಎಳೆದು ಬಿಡಿ. ಮನೆಯಿಂದ ಹಟ್ಟಿಗೋ, ಪಂಪು ಶೆಡ್ಡಿಗೋ ಹೊರಗಿನಿಂದ ತಾಮ್ರದ ಲ್ಯಾನ್ ಕೇಬಲ್ ಎಳೆಯುವುದು ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅದಕ್ಕೆ ನೂರು ಮೀಟರಿನ ಮಿತಿಯೂ ಉಂಟು. ಎಳೆಯಲೇಬೇಕಿದ್ದರೆ ಅಲ್ಲಿಗೂ ಉಕ್ಕಿನ ತಂತಿ ಇಲ್ಲದ ಫೈಬರೇ ಲೇಸು.

ಹಣ ಕಟ್ಟುವ ಮೊದಲು

ಮಾರುವವರಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆದುಕೊಳ್ಳಿ.

1. ಮೇಲೆ ಹೋಗುವ ವೇಗ ಎಷ್ಟು? ತಿಂಗಳ ಮಿತಿ ಎಷ್ಟು? ಮಿತಿ ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತದೆ?
2. ಹೇಳಿದ ದರದಲ್ಲಿ ತೆರಿಗೆ ಸೇರಿದೆಯಾ? 18 ಶೇಕಡಾ ಜಿಎಸ್‌ಟಿ ಸೇರಿದರೆ 400 ರೂಪಾಯಿಯ ಪ್ಲಾನ್ 472 ಆಗ್ತದೆ.
3. ರೂಟರ್ ನಮ್ಮದೋ, ಬಾಡಿಗೆಯದ್ದೋ? ಬಿಡುವಾಗ ಠೇವಣಿ ಮರಳಿ ಕೊಡುತ್ತಾರಾ?
4. ಮರ ಬಿದ್ದು ಕೇಬಲ್ ತುಂಡಾದರೆ ಸರಿಮಾಡುವವರು ಎಲ್ಲಿಂದ ಬರಬೇಕು? ಎಷ್ಟು ದಿನ? ಹೊಸ ಕೇಬಲಿನ ಖರ್ಚು ಯಾರದ್ದು?
5. ಸಿನಿಮಾ ಆ್ಯಪ್‌ಗಳನ್ನು ಸೇರಿಸಿ ದರ ಏರಿಸಿದ್ದಾರಾ? ಅವು ಬೇಡದಿದ್ದರೆ ಬರೀ ಇಂಟರ್ನೆಟ್ಟಿನ ಪ್ಲಾನ್ ಇದೆಯಾ?

ಆರು ತಿಂಗಳದ್ದು, ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಮೊದಲ ಎರಡು ತಿಂಗಳು ತಿಂಗಳಿಗಷ್ಟೇ ಕಟ್ಟಿ. ಸಾಧ್ಯವಿದ್ದರೆ ಒಂದು ಮಳೆಗಾಲ ದಾಟಲಿ. ಸಣ್ಣದರಿಂದ ಶುರು ಮಾಡಿ. ಸಾಲದಿದ್ದರೆ ದೊಡ್ಡ ಪ್ಲಾನಿಗೆ ಏರುವುದು ಒಂದು ಫೋನ್ ಕರೆಯ ಕೆಲಸ.

ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಪರಿಹಾರ ಸಿಗದಿದ್ದರೆ ಪ್ರತಿ ಕಂಪೆನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕೆಂದು ನಿಯಮ ಇದೆ. ಅಲ್ಲಿಗೆ ಹೋಗಲು ಈ ಸಂಖ್ಯೆಯೇ ಆಧಾರ. ದೂರುವ ಮೊದಲು ವೇಗವನ್ನು ಸರಿಯಾಗಿ ಅಳೆಯಿರಿ: ಬೇರೆಲ್ಲ ಬಳಕೆ ನಿಲ್ಲಿಸಿ, ರೂಟರಿಗೆ ಕೇಬಲ್ ಚುಚ್ಚಿಯೋ ಅದರ ಎದುರು ನಿಂತೋ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಸಲ. ಅಲ್ಲಿಯೂ ಅರ್ಧಕ್ಕಿಂತ ಕಡಿಮೆ ಬಂದರೆ ತಪ್ಪು ಅವರದ್ದು. ಅಲ್ಲಿ ಸರಿ ಇದ್ದು ಕೋಣೆಯಲ್ಲಿ ಇಲ್ಲದಿದ್ದರೆ ಕೆಲಸ ನಮ್ಮ ಮನೆಯೊಳಗೇ ಇದೆ.

ಉಳಿದ ಹಣ ಎಲ್ಲಿಗೆ?

ಎರಡು ಪ್ಲಾನುಗಳ ನಡುವೆ ತಿಂಗಳಿಗೆ 400 ರೂಪಾಯಿ ಅಂತರ ಇದೆ ಎಂದಾದರೆ ತೆರಿಗೆ ಸೇರಿ ವರ್ಷಕ್ಕೆ 5,664 ರೂಪಾಯಿ. ಸಣ್ಣ ಕೃಷಿಕನಿಗೆ ಇದು ಬಿಡುವ ಮೊತ್ತವಲ್ಲ. ಬೇಡದ ವೇಗಕ್ಕೆ ಕೊಡುವ ಬದಲು ಈ ಹಣದ ಒಂದು ಪಾಲಿನಲ್ಲಿ ರೂಟರಿಗೆ ಬ್ಯಾಟರಿ, ಬೇಕಾದ ಕೋಣೆಗೆ ಕೇಬಲ್ ಹಾಕಿಸಬಹುದು. ಅದು ಒಂದು ಸಲದ ಖರ್ಚು. ಇನ್ನೂ ಒಂದಿಷ್ಟು ಬೇರೆ ಕಂಪೆನಿಯ ಸಿಮ್ಮಿಗೆ ಇರಲಿ. ಫೈಬರ್ ತುಂಡಾದ ದಿನ ಅದೇ ಆಸರೆ. ನಮ್ಮ ಸೊಸೆಯ ಲೆಕ್ಕದಲ್ಲಿ ಆಫೀಸು ಕೇಳುವುದು ನಿಮಗೆಷ್ಟು ವೇಗ ಇದೆ ಎಂದಲ್ಲ, ಮೀಟಿಂಗಿನ ನಡುವೆ ಮಾತು ಕಡಿಯುತ್ತದಾ ಇಲ್ಲವಾ ಎಂದು ಮಾತ್ರ. ಕಡಿಯದಂತೆ ನೋಡಿಕೊಳ್ಳುವುದು ಬ್ಯಾಟರಿ, ಕೇಬಲ್ ಮತ್ತು ಹೇಳಿದ ದಿನ ಬರುವ ರಿಪೇರಿಯವರು. ನೂರು, ಇನ್ನೂರು ಎಂಬ ಅಂಕಿಗಳಲ್ಲ.

ಪಟ್ಟಣಕ್ಕೆ ಹೋದ ಮಕ್ಕಳು ಮರಳುವುದಾದರೆ ಹಿಂದೆ ನಾವು ರಸ್ತೆ, ಕರೆಂಟು ಉಂಟಾ ಎಂದು ನೋಡುತ್ತಿದ್ದೆವು. ಈಗ ಆ ಪಟ್ಟಿಗೆ ಇದೂ ಸೇರಿದೆ. ಸೇರಿದ್ದಕ್ಕೆ ಬೇಸರವಿಲ್ಲ, ಹತ್ತು ಜೆಟ್ಟಿಗೆ ಬೇಕಾದಷ್ಟೇ ಪಂಪು ಇದ್ದರೆ ಸಾಕು. ಮುಂದಿನ ವಾರ ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ರಾತ್ರಿ ಎಂಟು ಗಂಟೆಯ ಬಳಕೆ ಬರೆದಿಡಿ. ಕೂಡಿಸಿ, ಇಮ್ಮಡಿ ಮಾಡಿ. ಆ ಅಂಕಿ ಕೈಯಲ್ಲಿ ಹಿಡಿದುಕೊಂಡೇ ಮಾರುವವರೊಡನೆ ಮಾತಿಗೆ ಕೂತುಕೊಳ್ಳಿ.